ಪ್ರಭಾಳಿಗೆಂದು ತೋರಿಸಿದ ಸಿನಿಮಾ

ಗೋವಿಂದರಾಜನಗರದ ಚನ್ನವೀರಪ್ಪನವರ ಮಾನ ಆ ಭಾನುವಾರ ಬೆಳಿಗ್ಗೆ ಹಿತ್ತಲ ತಂತಿಯ ಮೇಲೆ ನೇತಾಡುತ್ತಿತ್ತು. ಖಾಕಿ ಪ್ಯಾಂಟು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ಮಗಳು ಪ್ರಭಾಳದು.

ಪಕ್ಕದ ಮನೆಯ ಗಂಗಾಧರಯ್ಯ ಗೋಡೆಯಾಚೆಯಿಂದ ಆಮೆಯಂತೆ ಕತ್ತು ಚಾಚಿದರು. "ಏನ್ ಸಾರ್, ಪೊಲೀಸ್ನೋರು ಬಾಡಿಗೆಗೆ ಬಂದಿದಾರಾ?"

"ನಮ್ಮ ಪ್ರಭಾಂದು. ಮುಂದೆ ಮಿಲಿಟರಿಗೇ ಸೇರ್ತೀನಿ ಅಂತಾಳೆ. ಬೈದೂ ಆಯ್ತು, ಉಪವಾಸ ಕೂತೂ ಆಯ್ತು."

"ಪಾಪ, ಮಗು ಉಪವಾಸ ಕೂತಿತ್ತಾ?"

"ಕೂತಿದ್ದು ನಾನು ಸಾರ್."

"ಮೆಜೆಸ್ಟಿಕ್ ಹತ್ರ ಹಳೇ ಇಂಗ್ಲಿಷ್ ಕಾಮಿಡಿ ಹಾಕಿದಾರೆ. ಬರೀ ಹೆಂಗಸರ ಪಲ್ಟನ್ನು. ಕೆಸರಲ್ಲಿ ಬೀಳ್ತಾರೆ, ಬೈಸ್ಕೊಳ್ತಾರೆ. ಒಂದ್ಸಲ ತೋರ್ಸಿ, ಆಸೆ ಬಿಟ್ಟೋಗುತ್ತೆ. ಜೊತೆಗೆ ನಾವೂ ಬರ್ತೀವಿ."

ಚನ್ನವೀರಪ್ಪ ತಮ್ಮ ಹೆಂಡತಿ ಜಗದಾಂಬಾ ಮತ್ತು ಪ್ರಭಾಳನ್ನು, ಗಂಗಾಧರಯ್ಯ ತಮ್ಮ ಹೆಂಡತಿ ನೀಲಗಂಗಮ್ಮನನ್ನು ಹೊರಡಿಸಿಕೊಂಡು ಮ್ಯಾಟಿನಿಗೆ ಹೋದರು. ಪರದೆಯ ಮೇಲೆ ದೊಗಲೆ ಬೂಟಿನ ಹೆಂಗಸರು ಕವಾಯತು ಮಾಡುತ್ತ ಒಬ್ಬರ ಮೇಲೊಬ್ಬರು ಬಿದ್ದಾಗ ಚನ್ನವೀರಪ್ಪ, "ನೋಡು, ನಿನ್ನ ಗತೀನೂ ಇದೇ!" ಎಂದು ಮಗಳಿಗೆ ಕೂಗಿ ಹೇಳಿದರು. ಮುಂದಿನ ಸಾಲಿನವನು ತಿರುಗಿ, "ಅಣ್ಣಾ, ಸಿನಿಮಾದೋರೂ ಸ್ವಲ್ಪ ಮಾತಾಡ್ಲಿ ಬಿಡಿ," ಎಂದ. ಜೀಪೊಂದು ಕೊಳಕ್ಕೆ ನುಗ್ಗಿದಾಗ ಮಾತ್ರ ಚನ್ನವೀರಪ್ಪ ನಗು ತಾಳಲಾರದೆ ಎದ್ದೇಬಿಟ್ಟರು. ಕುರ್ಚಿಯ ಮೊಳೆಗೆ ಸಿಕ್ಕಿದ್ದ ಪಂಚೆ ಪರ್ರೆಂದು ಹರಿಯಿತು. ಹೆಂಡತಿಯ ಶಾಲು ಸೊಂಟಕ್ಕೆ ಸುತ್ತಿಕೊಂಡು, ಹರಕೆ ಹೊತ್ತವರಂತೆ ಬಸ್ಸು ಹತ್ತಬೇಕಾಯಿತು.

ಬಸ್ಸಿನಲ್ಲಿ ಪ್ರಭಾ, "ನಂಗೆ ಮಿಲಿಟರಿ ಬೇಡಪ್ಪಾ. ಆ ಕೆಸರಲ್ಲಿ ಹೊರಳೋದು ನನ್ ಕೈಲಾಗಲ್ಲ," ಎಂದಳು. ಚನ್ನವೀರಪ್ಪನವರಿಗೆ ಹರಿದ ಪಂಚೆಯೂ ಪೀತಾಂಬರವಾಯಿತು.

ಮನೆ ಸೇರಿದ ಮೇಲೆ ಜಗದಾಂಬಾ ಶುರು ಮಾಡಿದರು. "ರೀ, ಸಿನಿಮಾದಲ್ಲಿ ಆ ದಪ್ಪ ಹೆಂಗಸು ಸೀಟಿ ಊದಿದ್ರೆ ಪಕ್ಕದ ಪಲ್ಟನ್ನಿನ ಗಂಡಸರೂ ಸಾಲಾಗಿ ನಿಂತ್ಕೊಂಡ್ರಲ್ಲ! ಇಪ್ಪತ್ತು ವರ್ಷದಿಂದ ನಾನು ಗಂಟಲು ಹರ್ಕೊಂಡ್ರೂ ನೀವು ಕರೆದ ತಕ್ಷಣ ಊಟಕ್ಕೆ ಬಂದಿಲ್ಲ."

"ಅದು ಸಿನಿಮಾ ಕಣೇ!"

"ಹೋಂ ಗಾರ್ಡ್ಸ್‌ಗೆ ಹೆಂಗಸರನ್ನೂ ತಗೋತಾರಂತೆ. ನಾಳೇನೇ ಹೆಸರು ಕೊಡ್ತೀನಿ. ಕವಾಯತಿನ ದಿನ ತಿಂಡಿ ಮಾಡೋ ಕೆಲಸ ನಿಮ್ದು."

ಸಿನಿಮಾದ ಉಪಾಯ ಹೇಳಿಕೊಟ್ಟವರನ್ನು ತರಾಟೆಗೆ ತೆಗೆದುಕೊಳ್ಳಲೆಂದು ಚನ್ನವೀರಪ್ಪ ಪಕ್ಕದ ಮನೆಗೆ ನುಗ್ಗಿದರು. ನಡುಮನೆಯಲ್ಲಿ ನೀಲಗಂಗಮ್ಮ ಸೆರಗು ಸಿಕ್ಕಿಸಿಕೊಂಡು "ಲೆಫ್ಟ್, ರೈಟ್" ಎನ್ನುತ್ತ ನಡೆದಾಡುತ್ತಿದ್ದರು. ಗಂಗಾಧರಯ್ಯ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು.

"ಬಂದ್ರಾ ಸಾರ್?" ಎಂದರು ಅವರು ಮೆಲ್ಲಗೆ. "ಒಂದು ಲೋಟ ರವೆಗೆ ನೀರು ಎಷ್ಟು ಹಾಕ್ಬೇಕು?"