ಹೆಬ್ಬೆರಳ ಗಾತ್ರದ ವೇತನ ಆದೇಶದ ಕುರಿತು

ಆಡಳಿತ ವಿಭಾಗ, ಶಿಕ್ಷಕರ ತರಬೇತಿ ಸಂಸ್ಥೆ, ಲಾ ಪಾಸ್
ಸಂಖ್ಯೆ: ಆವಿ/ವೇತನ/ಕಿರು/17
ದಿನಾಂಕ: ಮಾರ್ಚ್ 3

ವಿಷಯ: ಸಿಸ್ಟಂ ಅಡ್ಮಿನಿಸ್ಟ್ರೇಟರ್ ಶ್ರೀಮತಿ ಸೆನೋಬಿಯಾ ತಿಕೋನಾ ಅವರ ಸಂಬಳ ತಾನಾಗಿಯೇ ಏರಿರುವ ಬಗ್ಗೆ.

ಉಲ್ಲೇಖ: 1) ಜನವರಿ 24ರ ಅಲಸಿತಾಸ್ ಎಂಬ ಪುಟಾಣಿ ವಸ್ತುಗಳ ಸಂತೆ. 2) ಕ್ಯಾಂಟೀನಿನ ಮಾತುಗಳು.

ಸಂಸ್ಥೆಯ ವೇತನ ಶ್ರೇಣಿಯು ಕಂಪ್ಯೂಟರುಗಳಿಗಿಂತ ಹಳೆಯದಾಗಿದ್ದು, ಸದರಿ ಹುದ್ದೆ ಅದರಲ್ಲಿ ಇಲ್ಲದ ಕಾರಣ ಶ್ರೀಮತಿಯವರಿಗೆ ಈವರೆಗೆ ತೋಟದ ಮಾಲಿಯ ಸಂಬಳ ನೀಡಲಾಗುತ್ತಿತ್ತು. ಸಂಸ್ಥೆಗೆ ತೋಟವಿಲ್ಲ. ಅವರ ಮನವಿಗಳೆಲ್ಲ ಪರಿಶೀಲನೆಯಲ್ಲಿದ್ದವು.

ಸಂತೆಯಲ್ಲಿ ಕೊಂಡ ಆಟಿಕೆಯಂಥ ವಸ್ತು ಪರರ ಕೈಯಿಂದ ಬಂದು, ನಡುಮಧ್ಯಾಹ್ನ ಧೂಪ ಕಂಡರೆ ವರ್ಷದೊಳಗೆ ನಿಜವಾಗುವುದೆಂಬುದು ಊರ ನಂಬಿಕೆ. ಅದರಂತೆ ನಿರ್ದೇಶಕರು ಪುಟಾಣಿ ವೇತನ ಆದೇಶವೊಂದನ್ನು ಕೊಂಡು, "ತಗೊಳ್ಳಮ್ಮ ಸೆನೋಬಿಯಾ, ಇಂಥದ್ದಕ್ಕಾದ್ರೆ ಎಷ್ಟು ಬೇಕಾದ್ರೂ ಸಹಿ ಹಾಕ್ತೀನಿ!" ಎಂದು ಸಿಬ್ಬಂದಿಯೆದುರು ಸಹಿ ಮಾಡಿ ಧೂಪ ಹಾಕಿಸಿ ಕೊಟ್ಟಿರುತ್ತಾರೆ. ಗುಮಾಸ್ತ ದೊನ್ ಇಲಾರಿಯೊನ್ ಅವರು ಸಹಿ ಕಂಡೊಡನೆ ಅದನ್ನು ಜಾರಿ ಮಾಡಿರುತ್ತಾರೆ. ಮೊಹರು ಆದೇಶಕ್ಕಿಂತ ದೊಡ್ಡದಾಗಿದ್ದು, ಬಹುಭಾಗ ಮೇಜಿನ ಮೇಲೆ ಬಿದ್ದಿರುವುದರಿಂದ ಮೇಜನ್ನೂ ಕಡತಕ್ಕೆ ಸೇರಿಸಲಾಗಿದೆ. ಫೆಬ್ರವರಿಯಲ್ಲಿ ಆ ಆದೇಶದಲ್ಲಿದ್ದ ಪೂರ್ಣ ಸಂಬಳ ಪಾವತಿಯಾಗಿದೆ. ಇದರಿಂದ ನಿರ್ದೇಶಕರಿಗೆ ಹೊಟ್ಟೆ ಉರಿದಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಅಂಗೈಗಿಂತ ಚಿಕ್ಕದಾದ ಆದೇಶಗಳನ್ನು ಇನ್ನು ಜಾರಿ ಮಾಡತಕ್ಕದ್ದಲ್ಲ. ಅಂಗೈ ಎಂದರೆ ನಿರ್ದೇಶಕರ ಅಂಗೈ. ಅಳೆದು ನೋಡಬಯಸುವವರು ಮುಂಚಿತವಾಗಿ ಸಮಯ ಪಡೆಯತಕ್ಕದ್ದು.

2. ಸಂತೆಯಲ್ಲಿ ಕೊಂಡ, ಬೆಂಕಿಪೊಟ್ಟಣದಷ್ಟಿರುವ ಕಾರುಗಳಿಗೆ ನಿಲ್ಲಿಸುವ ಜಾಗ ಕೋರಿದ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ನಿರ್ದೇಶಕರ ಬೆಂಕಿಪೊಟ್ಟಣದಷ್ಟಿರುವ ಕಾರಿಗೆ ವಿನಾಯಿತಿ ಇದೆ.

3. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತಾರಲ್ಲ! ಅವಳು ಬರೆದ ಮಾರುದ್ದದ ಅರ್ಜಿಗಳು ಧೂಳು ತಿಂದ್ವು, ಚೋಟುದ್ದದ ಚೀಟಿ ಸಂಬಳ ತಂತು ನೋಡ್ರಪ್ಪಾ" ಎಂದು ಕ್ಯಾಂಟೀನಿನ ದೊನ್ಯಾ ಬಾಸಿಲಿಯಾ ಆಡಿರುವ ಮಾತನ್ನು ನಿಷೇಧಿಸಲಾಗಿದೆ. ನಕ್ಕವರೂ ಇದಕ್ಕೆ ಒಳಪಡುತ್ತಾರೆ.

4. ಆದೇಶವನ್ನು ದೊಡ್ಡ ಕಾಗದದ ಮೇಲೆ ರದ್ದುಪಡಿಸಲಾಗಿತ್ತು. ಆದರೆ ಧೂಪ ಕಂಡ ಆದೇಶವನ್ನು ಅಷ್ಟೇ ಗಾತ್ರದ, ಧೂಪ ಕಂಡ ಆದೇಶದಿಂದಲೇ ರದ್ದುಪಡಿಸಬೇಕೆಂದು ಕಾನೂನು ಸಲಹೆಗಾರರು ತಿಳಿಸಿದ್ದಾರೆ. ಅಂಥದ್ದು ಮುಂದಿನ ಜನವರಿಯ ಸಂತೆಯವರೆಗೆ ಸಿಗುವುದಿಲ್ಲ. ಅಷ್ಟರೊಳಗೆ ಆರು ತಿಂಗಳು ದಾಟಿರುತ್ತದೆ; ಆರು ತಿಂಗಳು ಸತತ ಪಡೆದ ಸಂಬಳವನ್ನು ಇಳಿಸಲು ಸಂಸ್ಥೆಯ ನಿಯಮದಲ್ಲಿ ಅವಕಾಶವಿಲ್ಲ. ಆದಕಾರಣ ಸಂಬಳ ಮುಂದುವರಿಯುತ್ತದೆ.

5. ಶ್ರೀಮತಿ ತಿಕೋನಾ ಅವರು ಕಚೇರಿ ವೇಳೆಯಲ್ಲಿ ಕುಣಿಯತಕ್ಕದ್ದಲ್ಲ. ಅವರು ಎಲ್ಲರಿಗೂ ಬಿಸಿ ಸಾಲ್ತೇನ್ಯಾ ಕಡುಬು ಕೊಡಿಸಿರುವುದು ಗಮನಕ್ಕೆ ಬಂದಿದೆ. ನಿರ್ದೇಶಕರ ಪಾಲಿನ ಎರಡು ತಲುಪಿವೆ. ರುಚಿಯಾಗಿದ್ದವು.

ಸಹಿ/- (ಪೂರ್ಣಗಾತ್ರ)
ಕ್ರಿಸೋಲೊಗೊ ಬಲ್ದೆರ್ರಾಮಾ
ನಿರ್ದೇಶಕರು

ಪ್ರತಿಗಳು:
1. ದೊನ್ ಇಲಾರಿಯೊನ್ ಅವರಿಗೆ, ಓದಿದ ನಂತರ ಜಾರಿ ಮಾಡಲು.
2. ದೊನ್ಯಾ ಬಾಸಿಲಿಯಾ ಅವರಿಗೆ, ಎಣ್ಣೆ ಒರೆಸಲು ಬಳಸದಿರುವ ಷರತ್ತಿನೊಂದಿಗೆ.
3. ಶ್ರೀಮತಿ ಸೆನೋಬಿಯಾ ತಿಕೋನಾ ಅವರಿಗೆ. ನಿರ್ದೇಶಕರ ಬಡ್ತಿಯೂ ಬಹುಕಾಲದಿಂದ ಪರಿಶೀಲನೆಯಲ್ಲಿರುವುದರಿಂದ, ಮುಂದಿನ ಸಂತೆಯಲ್ಲಿ ಅವರ ಹೆಸರಿಗೂ ಒಂದು ಪುಟಾಣಿ ಆದೇಶ ಕೊಂಡುಕೊಡಬೇಕೆಂಬ ವಿನಂತಿಯೊಂದಿಗೆ. ನಿರ್ದೇಶಕರು ತಾವೇ ಕೊಂಡುಕೊಂಡರೆ ಫಲಿಸುವುದಿಲ್ಲ.