ನಿಷ್ಠುರವಾದಿಯ ಹೋಂವರ್ಕ್

ಶುಕ್ರವಾರ ಸಂಜೆ ಕಾಫಿ ಕುಡಿಯುತ್ತಾ ಮುರಳಿಮೋಹನ್ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದ. ಅವನ ಮಾನ ಹೋಗುವುದಕ್ಕೆ ಅಷ್ಟೇ ಸಾಕಾಯಿತು.

ಮಾಲೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಗುಮಾಸ್ತ. ಕೆಲವು ತಿಂಗಳ ಹಿಂದೆ ‘ಕೂಡಿ ಕಲಿ’ ಅನ್ನುವ ಆ್ಯಪಿಗೆ ಸೇರಿಕೊಂಡಿದ್ದ. ಅದರಲ್ಲಿ ಮೇಷ್ಟ್ರು ಅಂತ ಪ್ರತ್ಯೇಕವಾಗಿ ಯಾರೂ ಇಲ್ಲ. ಊರಿಗೊಂದು ಬಳಗ, ಬಳಗದವರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳಬೇಕು. ಟೈಲರಿಂಗ್ ಗೊತ್ತಿದ್ದವರು ಟೈಲರಿಂಗ್, ಇಂಗ್ಲಿಷ್ ಗೊತ್ತಿದ್ದವರು ಇಂಗ್ಲಿಷ್. ನಾಚಿಕೆ ಇರುವವರು ಅಡ್ಡಹೆಸರು ಇಟ್ಟುಕೊಳ್ಳಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಆ್ಯಪೇ ಅಕ್ಷರ ಮಾಡಿಕೊಳ್ಳುತ್ತದೆ. ಯಾರಾದರೂ ಪ್ರಶ್ನೆ ಹಾಕಿದರೆ ಯಾರು ಬೇಕಾದರೂ ಉತ್ತರ ಕೊಡಬಹುದು. ಮೆಚ್ಚಿದವರು ನಕ್ಷತ್ರ ಕೊಡುತ್ತಾರೆ. ನಕ್ಷತ್ರ ರಾಶಿ ಬಿದ್ದವನು ‘ಮಾರ್ಗದರ್ಶಿ’ ಆಗುತ್ತಾನೆ.

ಮುರಳಿ ಸೇರಿದ್ದು ‘ಇಲ್ಲ ಅನ್ನುವುದು ಹೇಗೆ?’ ಎಂಬ ಪಾಠಕ್ಕೆ. ಕಾರಣ, ಕಾಲೇಜಿನ ಪ್ರಿನ್ಸಿಪಾಲ್ ವೇಣುಗೋಪಾಲ್. ಅವರ ಮನೆಯ ಕರೆಂಟ್ ಬಿಲ್ ಕಟ್ಟುವವನು, ಮೊಮ್ಮಗನ ಶೂ ಬದಲಾಯಿಸಿಕೊಂಡು ಬರುವವನು, ಮಿಕ್ಸಿ ರಿಪೇರಿಗೆ ಹೊತ್ತೊಯ್ಯುವವನು ಎಲ್ಲ ಮುರಳಿಯೇ. ‘ಆಗಲ್ಲ ಸಾರ್’ ಅನ್ನಲು ಬಾಯಿ ತೆರೆದರೆ ‘ಆಗ್ಲಿ ಸಾರ್’ ಅಂತ ಹೊರಬರುತ್ತಿತ್ತು. ತನ್ನಂಥ ಮೆದು ಮನಸ್ಸಿನವನು ಈ ತಾಲ್ಲೂಕಿನಲ್ಲೇ ಇಲ್ಲ, ಎಲ್ಲರೂ ತನ್ನನ್ನು ಹಿಂಡಿಕೊಳ್ಳುತ್ತಾರೆ ಎಂಬ ನೋವು ಅವನಿಗೆ ಬಹಳ ದಿನದಿಂದ ಇತ್ತು.

ಆದರೆ ಬರೆಯುವ ಮಾತೇ ಬೇರೆ. ‘ನಿಷ್ಠುರವಾದಿ’ ಎಂಬ ಅಡ್ಡಹೆಸರಿನ ಮರೆಯಲ್ಲಿ ಕೂತ ಕೂಡಲೇ ಮುರಳಿ ಹುಲಿಯಾಗುತ್ತಿದ್ದ. ಯಾರೋ ‘ಒಂಟಿಚಕ್ರ’ ಅನ್ನುವವರು, ‘ಸಹೋದ್ಯೋಗಿಯೊಬ್ಬರು ದಿನಾ ನನ್ನ ಬೈಕ್ ಒಯ್ಯುತ್ತಾರೆ, ಏನು ಮಾಡಲಿ?’ ಎಂದು ಕೇಳಿದ್ದರು. ‘ಅಂಥವರು ಹಸುವಿನ ಕಿವಿಯಲ್ಲಿ ಕೂತು ರಕ್ತ ಹೀರುವ ಉಣ್ಣೆಯಿದ್ದ ಹಾಗೆ. ಕರುಣೆ ತೋರಿಸಿದರೆ ಉಬ್ಬುತ್ತಾರೆ, ಕಿತ್ತೆಸೆಯಿರಿ’ ಎಂದು ಬರೆದ. ನಕ್ಷತ್ರಗಳು ಸುರಿದವು. ‘ಮೊದಲು ಉಸಿರೆಳೆದುಕೊಳ್ಳಿ. ಎದುರಿಗಿದ್ದವರ ಕಣ್ಣು ನೋಡಿದರೆ ಕರಗುತ್ತೀರಿ, ಹುಬ್ಬುಗಳ ನಡುವೆ ನೋಡಿ. ಕಾರಣ ಕೊಡಬೇಡಿ. ಆಗಲ್ಲ, ನೀವೂ ಬೇಜಾರು ಮಾಡ್ಕೋಬೇಡಿ, ನಾನೂ ಮಾಡ್ಕೊಳ್ಳಲ್ಲ, ಅಷ್ಟೇ ಹೇಳಿ’ ಎಂದು ಮಂತ್ರವನ್ನೂ ಕೊಟ್ಟ. ಮಾಲೂರು ಬಳಗ ಅದನ್ನು ಬಾಯಿಪಾಠ ಮಾಡಿತು. ನಿಷ್ಠುರವಾದಿ ಮಾರ್ಗದರ್ಶಿಯಾದ.

ಶುಕ್ರವಾರ ಅವನು ಒತ್ತಿದ್ದು ಹೋಂವರ್ಕಿನ ಗುಂಡಿ: ‘ನಾಳೆ ಶನಿವಾರ. ನಿಮ್ಮನ್ನು ಅತಿ ಹೆಚ್ಚು ಕಾಡುವ ಒಬ್ಬರಿಗೆ ಇಲ್ಲ ಅನ್ನಿ. ಸಂಜೆಯ ಲೈವ್ ಸಭೆಯಲ್ಲಿ ವರದಿ ಒಪ್ಪಿಸಿ.’

ಶನಿವಾರ ಬೆಳಗ್ಗೆ ಎದ್ದವನು ರೂಢಿಯಂತೆ ಪಕ್ಕದ ಮನೆಯ ಜಗಲಿಗೆ ಹೋಗಿ, ಅಲ್ಲಿ ಬಿದ್ದಿದ್ದ ಪೇಪರಿಗೆ ಕೈ ಹಾಕಿದ. ಕೈಯ ಪಕ್ಕದಲ್ಲೇ ಎರಡು ಕಾಲು ಕಂಡವು. ತಲೆಯೆತ್ತಿದರೆ ರಿಟೈರ್ಡ್ ಬಸ್ ಕಂಡಕ್ಟರ್ ಅಶ್ವತ್ಥಪ್ಪ. ಇಷ್ಟು ಬೇಗ ಅವರು ಬಾಗಿಲು ತೆಗೆದವರೇ ಅಲ್ಲ.

“ಪೇಪರ್ ನೋಡ್ಬಿಟ್ಟು ಕೊಡ್ತೀನಿ ಅಶ್ವತ್ಥಪ್ಪನೋರೆ.”

ಅಶ್ವತ್ಥಪ್ಪ ಎದೆಯುಬ್ಬಿಸಿ ಉಸಿರೆಳೆದರು. ಮುರಳಿಯ ಹುಬ್ಬುಗಳ ನಡುವೆ, ಗೋಡೆಗೆ ಮೊಳೆ ಹೊಡೆಯಲು ಜಾಗ ಹುಡುಕುವವರ ಹಾಗೆ ದಿಟ್ಟಿಸಿದರು. “ಆಗಲ್ಲ. ನೀವೂ ಬೇಜಾರು ಮಾಡ್ಕೋಬೇಡಿ, ನಾನೂ ಮಾಡ್ಕೊಳ್ಳಲ್ಲ.”

ಹುಟ್ಟಿದಾಗಿನಿಂದ ‘ಏನ್ಲಾ ಮುರಳಿ’ ಎಂದೇ ಕರೆಯುತ್ತಿದ್ದ ಮುದುಕ ‘ನೀವು’ ಅಂದಾಗಲೇ ಮುರಳಿಗೆ ಗೊತ್ತಾಗಬೇಕಿತ್ತು. ಆದರೆ ಅವನಿಗೆ ಮೊದಲು ಆದದ್ದು ಖುಷಿ. ಅರೆ, ನನ್ನ ಶಿಷ್ಯ! ಎಷ್ಟು ಚೆನ್ನಾಗಿ ಹೇಳಿದರು! ಗೇಟು ದಾಟಿದ ಮೇಲೇ ಅವನಿಗೆ ಹೊಳೆದದ್ದು, ‘ಅತಿ ಹೆಚ್ಚು ಕಾಡುವ ಒಬ್ಬರು’ ಎಂದು ಬರೆದದ್ದು ತಾನೇ ಎಂಬುದು. ಮುದುಕರಿಗೆ ಯಾರೋ ಒಬ್ಬರು ಸಿಕ್ಕಬೇಕಿತ್ತು, ಅಡ್ಡ ಬಂದವನು ನಾನು ಎಂದು ಸಮಾಧಾನ ಮಾಡಿಕೊಂಡ.

ಮನೆಯಲ್ಲಿ ಹೆಂಡತಿ ಪದ್ಮಶ್ರೀ ಉಪ್ಪಿಟ್ಟಿಗೆ ಒಗ್ಗರಣೆ ಇಡುತ್ತಿದ್ದಳು. “ಕರಿಬೇವು ಇಲ್ಲ ಕಣ್ರೀ.”

“ಮುನಿಯಲ್ಲಮ್ಮನ ಮರ ಇರೋವಾಗ ನಮಗೇನೇ ಬರ” ಎಂದು ಹಿತ್ತಲ ಕಾಂಪೌಂಡಿನಿಂದ ಕೈ ಚಾಚಿದ. ಮರದ ಕೆಳಗೆ ಹಿಂದಿನ ಮನೆಯ ಮುದುಕಿ ಮುನಿಯಲ್ಲಮ್ಮ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಪಾಪ, ಬೆಳಗಿನ ಜಾವದಿಂದ ಕಾದಿರಬೇಕು, ಬಾಯಿ ಒಣಗಿತ್ತು. ಅವಳೂ ಉಸಿರೆಳೆದಳು. ಆದರೆ ಮಂತ್ರ ಪೂರ್ತಿ ನೆನಪಾಗಲಿಲ್ಲ.

“ಕುದರದು ನಾಯ್ನಾ, ಆಗಲ್ಲ. ನೀವೂ... ನೀವೂ... ಏನೋ ಇತ್ತಲ್ಲ...”

“ಬೇಜಾರು ಮಾಡ್ಕೋಬೇಡಿ” ಎಂದು ಮುರಳಿಯೇ ತಿದ್ದಿಕೊಟ್ಟ.

“ಆ! ಅದೇ! ನಾನೂ ಮಾಡ್ಕೊಳ್ಳಲ್ಲ” ಎಂದು ಮುನಿಯಲ್ಲಮ್ಮ ಗೆದ್ದವಳಂತೆ ಸ್ಟೂಲ್ ಎತ್ತಿಕೊಂಡು ಒಳಗೆ ಹೋದಳು.

ಮುರಳಿ ಕರಿಬೇವಿಲ್ಲದ ಉಪ್ಪಿಟ್ಟನ್ನು ತಲೆಯೆತ್ತದೆ ತಿಂದು ಕಾಲೇಜಿಗೆ ಹೋದ. ಹೋದ ಕೂಡಲೇ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿದರು.

“ಶ್ರೀನಿವಾಸಪುರದಿಂದ ನಮ್ಮ ಷಡ್ಡಕ ಬಸ್ಸಲ್ಲಿ ಮಾವಿನಹಣ್ಣು ಕಳಿಸಿದಾನೆ ಕಣ್ರೀ. ಬಸ್‌ಸ್ಟ್ಯಾಂಡಿಂದ ನಮ್ಮನೆಗೆ ಹಾಕ್ಬಿಡಿ.”

ಇದೇ ಗಳಿಗೆ ಎಂದುಕೊಂಡ ಮುರಳಿ. ಮುದುಕ ಮುದುಕಿಯರೇ ಕಲಿತಿರುವಾಗ ಗುರುವಿಗೇನು ಧಾಡಿ? ಉಸಿರೆಳೆದ. ಹುಬ್ಬುಗಳ ನಡುವೆ ನೋಡಿದ.

“ಏನ್ರೀ? ನನ್ನ ಹಣೆ ಮೇಲೆ ಏನಾದ್ರೂ ಹರೀತಾ ಇದೆಯಾ?”

“ಇಲ್ಲ ಸಾರ್.”

“ಮತ್ತೆ?”

“ತರ್ತೀನಿ ಸಾರ್.”

ಬಿಸಿಲು ಆಗಲೇ ಕಾದ ಹೆಂಚಿನಂತಿತ್ತು. ಮುರಳಿ ಲ್ಯಾಬ್ ಅಟೆಂಡರ್ ಕದಿರೇಶನ ಹತ್ತಿರ ಹೋಗಿ, ದಿನಾ ಮಾಡುವ ಹಾಗೆ, ಮಾತಾಡದೆ ಅಂಗೈ ಚಾಚಿದ. ಬೈಕಿನ ಕೀ ಆ ಅಂಗೈಗೆ ತಾನಾಗಿ ಬಂದು ಬೀಳುವುದು ರೂಢಿ. ಇವತ್ತು ಬೀಳಲಿಲ್ಲ. ಕದಿರೇಶ್ ಕೀಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಜೇಬಿನ ಮೇಲೆ ಕೈಯಿಟ್ಟುಕೊಂಡ.

“ಆಗಲ್ಲ ಮುರಳಿ ಸಾರ್. ನೀವೂ ಬೇಜಾರು ಮಾಡ್ಕೋಬೇಡಿ, ನಾನೂ ಮಾಡ್ಕೊಳ್ಳಲ್ಲ.”

ಅಂದರೆ ಒಂಟಿಚಕ್ರ ಇವನೇ! ಮುರಳಿಯ ಕಿವಿ ಬಿಸಿಯಾಯಿತು. ಹಸುವಿನ ಕಿವಿ, ಉಣ್ಣೆ ಎಲ್ಲ ಕಣ್ಣಮುಂದೆ ಬಂದವು. ತಾನು ಹಸುವೂ ಅಲ್ಲ, ಕಿವಿಯೂ ಅಲ್ಲ ಎಂಬುದು ಇಡೀ ಜನ್ಮದಲ್ಲಿ ಮೊದಲ ಸಲ ಅವನಿಗೆ ಅರ್ಥವಾಯಿತು.

ಬಸ್‌ಸ್ಟ್ಯಾಂಡಿನಿಂದ ಮಾವಿನ ಬುಟ್ಟಿ ಹೊತ್ತುಕೊಂಡು ನಡೆದ. ದಾರಿಯಲ್ಲಿ ಸಿಕ್ಕವರೆಲ್ಲ “ಹೆಂಗೆ ಸಾರ್ ಹಣ್ಣು?” ಎಂದು ವ್ಯಾಪಾರಕ್ಕೆ ನಿಂತರು. ಒಬ್ಬಳಂತೂ ಮುಟ್ಟಿ ನೋಡಿ ಮೂಸಿಯೇ ಬಿಟ್ಟಳು. ಒಂದು ಹುಣಸೆಮರದ ನೆರಳಲ್ಲಿ ಬುಟ್ಟಿ ಇಳಿಸಿ, ಆ್ಯಪ್ ತೆರೆದು, ತಾನು ಉತ್ತರ ಕೊಟ್ಟಿದ್ದ ಪ್ರಶ್ನೆಗಳನ್ನು ಮತ್ತೆ ಓದಿದ. ‘ಬೈಕ್ ವಾಪಸ್ ಬರುವಾಗ ಪೆಟ್ರೋಲ್ ಇರುವುದಿಲ್ಲ, ಕನ್ನಡಿ ಮಾತ್ರ ಅವರ ಮುಖಕ್ಕೆ ಸರಿಯಾಗಿ ತಿರುಗಿರುತ್ತದೆ.’ ತಾನು ಕನ್ನಡಿ ತಿರುಗಿಸುತ್ತಿದ್ದದ್ದು ನಿಜ. ‘ನೆರೆಮನೆಯವರು ಕರಿಬೇವು ಕೀಳುವುದಿಲ್ಲ, ರೆಂಬೆಯನ್ನೇ ಮುರಿಯುತ್ತಾರೆ.’ ಅದೂ ನಿಜ. ಅದಕ್ಕೆ ತಾನು ಕೊಟ್ಟ ಉತ್ತರ: ‘ಅವರಿಗೆ ನಾಚಿಕೆಯಿಲ್ಲ ತಾಯಿ, ನಿಮಗೇಕೆ ದಾಕ್ಷಿಣ್ಯ?’

ನಾಚಿಕೆ ಇರಲಿಲ್ಲವೋ ಏನೋ. ಈಗ ಬಂತು. ವರ್ಷಾನುಗಟ್ಟಲೆಯದ್ದು ಒಟ್ಟಿಗೆ, ಮುಂಗಡ ಸೂಚನೆಯಿಲ್ಲದೆ ಬಂತು. ತಾನು ಯಾವತ್ತೂ ‘ಇಲ್ಲ’ ಅಂದಿರಲಿಲ್ಲ, ಸರಿ. ಆದರೆ ತನಗೂ ಯಾರೂ ಅಂದಿರಲಿಲ್ಲವಲ್ಲ! ಪ್ರಿನ್ಸಿಪಾಲರ ಮುಂದೆ ತಾನು ಹೇಗೆ ಒಳಗೊಳಗೇ ಬೇಯುತ್ತಿದ್ದನೋ ಹಾಗೆ ಕದಿರೇಶ್ ತನ್ನ ಮುಂದೆ ಬೆಂದಿದ್ದ. ಮುರಳಿ ಹಣ್ಣಿನ ಬುಟ್ಟಿಯ ಪಕ್ಕ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಸಂಜೆಯ ಸಭೆಗೆ ಹೋಗಬಾರದೆಂದೇ ಇದ್ದ. ಆದರೆ ‘ನಿಮ್ಮ ಬಳಗ ನಿಮಗಾಗಿ ಕಾಯುತ್ತಿದೆ’ ಎಂದು ಮೊಬೈಲ್ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಕೊನೆಗೆ, ಕ್ಯಾಮೆರಾ ತೆರೆಯದೆ ಒಳಹೋಗಿ, ‘ಕೆಲಸದ ಒತ್ತಡದಿಂದ ಮಾರ್ಗದರ್ಶಿ ಸ್ಥಾನ ಬಿಡುತ್ತಿದ್ದೇನೆ’ ಎಂದು ಬರೆದು ಹೊರಬರುವುದೆಂದು ಮಂಚದ ತುದಿಯಲ್ಲಿ ಕೂತ. ಪದ್ಮಶ್ರೀ ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದಳು.

ಮೊಬೈಲಿನ ತುಂಬ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲೂ ಗುರುತಿನ ಮುಖ. ಸಭೆ ನಡೆಸುವವಳು ಆ್ಯಪಿನ ಕೋಲಾರದ ಹುಡುಗಿ ಚಂದನ. “ಯಾರ ಹೆಸರೂ ಹೇಳಬಾರದು, ನೆನಪಿರ್ಲಿ. ಅಶ್ವತ್ಥಪ್ಪ ತಾತ, ನೀವು ಶುರು ಮಾಡಿ.”

“ಆ ಮನುಷ್ಯ ಪೇಪರ್ ಒಯ್ದು ವಾಪಸ್ ಕೊಡೋ ಹೊತ್ತಿಗೆ ಪದಬಂಧ ತುಂಬಿರ್ತಾನಮ್ಮ. ತಪ್ಪುತಪ್ಪಾಗಿ! ಅದೂ ಪೆನ್ನಲ್ಲಿ! ಇವತ್ತು ರಿಟೈರ್ ಆದ್ಮೇಲೆ ಮೊದಲ್ನೇ ಸಲ ನಾನೇ ಪದಬಂಧ ತುಂಬಿದೆ.” ಮುದುಕರ ಕಣ್ಣಲ್ಲಿ ನೀರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುನಿಯಲ್ಲಮ್ಮ ಒಂದು ಚಿಗುರು ರೆಂಬೆಯನ್ನೇ ಕ್ಯಾಮೆರಾಗೆ ಹಿಡಿದಳು. “ನೋಡಮ್ಮ, ಮರ ಉಸಿರಾಡ್ತಾ ಇದೆ.” ಕದಿರೇಶ್ ಎದ್ದು ನಿಂತ. “ಇನ್ನೇನು ಕೀ ಕೊಟ್ಟೇಬಿಡ್ತಿದ್ದೆ ಮೇಡಂ. ನಿಷ್ಠುರವಾದಿ ಗುರುಗಳು ಬರೆದಿದ್ದನ್ನ ನೆನೆಸ್ಕೊಂಡೆ. ಅವರು ಯಾರೋ ಗೊತ್ತಿಲ್ಲ, ಸಿಕ್ಕರೆ ಕಾಲಿಗೆ ಬೀಳ್ತೀನಿ.”

ಮುರಳಿ ರಾಜೀನಾಮೆ ಬರೆಯತೊಡಗಿದ. ‘ಕೆಲಸದ ಒ’ ಎಂಬಲ್ಲಿಗೆ ಬಂದಿದ್ದ, ಅಷ್ಟರಲ್ಲಿ ಚಂದನ ಅಂದಳು: “ನಿಷ್ಠುರವಾದಿ ಸರ್, ಬಂದಿದ್ದೀರಲ್ಲ! ಇವತ್ತೊಂದು ದಿನ ಮುಖ ತೋರಿಸಿ ಸರ್. ಪ್ಲೀಸ್, ನಮಗೋಸ್ಕರ!”

“ತೋರ್ಸಿ ಗುರುಗಳೇ!” ಎಂದು ಚೌಕಗಳೆಲ್ಲ ಕೂಗಿದವು.

‘ಆಗಲ್ಲ’ ಅನ್ನಬೇಕಿತ್ತು. ಉಸಿರನ್ನೂ ಎಳೆದ. ಆದರೆ ಅಷ್ಟು ಜನ ಅಷ್ಟು ಪ್ರೀತಿಯಿಂದ ಕೇಳುತ್ತಿರುವಾಗ ಅವನ ಬೆರಳು ಅವನ ಮಾತು ಕೇಳಲಿಲ್ಲ. ಕ್ಯಾಮೆರಾ ತೆರೆಯಿತು.

ಎಲ್ಲ ಚೌಕಗಳೂ ಕಲ್ಲಾದವು. ಅಶ್ವತ್ಥಪ್ಪನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮುನಿಯಲ್ಲಮ್ಮ ರೆಂಬೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಮುರಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ತಪ್ಪಾಯ್ತು ಅಂತ ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡ.

“ಅಯ್ಯೋ!” ಕದಿರೇಶ್ ಹಣೆ ಚಚ್ಚಿಕೊಂಡ. “ಗೊತ್ತಾಯ್ತು! ಇದು ಪ್ರಾಕ್ಟಿಕಲ್! ಸಾರ್ ನಮಗೆ ಥಿಯರಿ ಬರೆದು, ಬೆಳಗ್ಗೆ ತಾವೇ ಬಂದು ಪರೀಕ್ಷೆ ತಗೊಂಡ್ರು!”

“ಹೌದಲ್ಲ!” ಮುನಿಯಲ್ಲಮ್ಮ ಕೂಗಿದಳು. “ನಾನು ಮರೆತಾಗ ಅವರೇ ಹೇಳ್ಕೊಟ್ರು! ಬೇಜಾರು ಮಾಡ್ಕೋಬೇಡಿ ಅಂತ!”

“ಇಷ್ಟು ವರ್ಷದಿಂದ ನಮ್ಮನ್ನ ತಯಾರು ಮಾಡ್ತಿದ್ಯೇನಪ್ಪ?” ಅಶ್ವತ್ಥಪ್ಪ ಕೈಮುಗಿದರು. “ಕೆಟ್ಟ ಹೆಸರು ತಗೊಂಡು ವಿದ್ಯೆ ಕಲಿಸೋದು ಅಂದ್ರೆ ಸಾಮಾನ್ಯಾನಾ!”

“ಇಲ್ಲ...” ಅಂದ ಮುರಳಿ. “ಇಲ್ಲ, ಇಲ್ಲ, ಹಾಗಲ್ಲ...”

“ಆಹಾ, ಎಂಥಾ ಇಲ್ಲ ನೋಡಿ! ಗುರು ಅಂದ್ರೆ ಗುರು!” ಚಪ್ಪಾಳೆ ಶುರುವಾಯಿತು. ಅವನು ‘ಇಲ್ಲ’ ಅಂದಷ್ಟೂ ಚಪ್ಪಾಳೆ ಏರಿತು. ನಕ್ಷತ್ರಗಳು ಅವನ ಮುಖ ಕಾಣದಷ್ಟು ಸುರಿದವು.

ಚಂದನಳ ಕಣ್ಣು ಹೊಳೆಯುತ್ತಿತ್ತು. “ಸರ್, ಈ ಪ್ರಾಕ್ಟಿಕಲ್ ನಿಲ್ಲಿಸಬೇಡಿ. ದಿನಾ ಇವರ ಹತ್ರ ಏನಾದ್ರೂ ಕೇಳಿ, ಇವರು ದಿನಾ ಇಲ್ಲ ಅನ್ಲಿ. ಶ್ರೀನಿವಾಸಪುರ, ಮುಳಬಾಗಿಲು ಬಳಗದವರೂ ಕೇಳ್ತಿದ್ದಾರೆ. ಪ್ರತಿ ಭಾನುವಾರ ಒಂದೊಂದು ಊರಿಗೆ ಹೋಗಿ ಬನ್ನಿ. ಆಗಬಹುದಾ ಸರ್?”

“ಆಗ್ಲಿ ಮೇಡಂ” ಎಂದಿತು ಮುರಳಿಯ ಬಾಯಿ.

ಮೊಬೈಲ್ ಕೆಳಗಿಟ್ಟಾಗ ಪದ್ಮಶ್ರೀ ಮಡಿಸಿದ ಅಂಗಿಯನ್ನು ಅವನ ಪಕ್ಕದಲ್ಲಿಟ್ಟಳು. ಎಲ್ಲ ಕೇಳಿಸಿಕೊಂಡಿದ್ದಳು. “ಅವರಿಗೆ ಗೊತ್ತಾಗ್ಲಿಲ್ಲ ಬಿಡಿ” ಎಂದಳು ಮೆಲ್ಲಗೆ.

“ನಿನಗೆ?”

“ನಿಮ್ಮನ್ನ ಕಟ್ಕೊಂಡು ಇಪ್ಪತ್ತು ವರ್ಷ ಆಯ್ತಲ್ರೀ.”

ಚಪ್ಪಾಳೆಗಿಂತ ಆ ಮಾತು ಹೆಚ್ಚು ಹೊತ್ತು ಕಿವಿಯಲ್ಲಿ ಉಳಿಯಿತು.

ಮರುದಿನ ಮಟಮಟ ಮಧ್ಯಾಹ್ನ ಶ್ರೀನಿವಾಸಪುರದಲ್ಲಿ ಬಸ್ಸಿಳಿದ. ಬಳಗದವರು ಹಾರ ಹಾಕಿದರು, ಫೋಟೋ ತೆಗೆದರು, ಬಿಸಿಲಲ್ಲೇ ಬಯಲಿನವರೆಗೆ ಮೆರವಣಿಗೆ ಮಾಡಿದರು. ಬಸ್ಸಿನಲ್ಲಿ ನಿಂತೇ ಬಂದಿದ್ದ ಮುರಳಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಗೌನಿಪಲ್ಲಿಯಿಂದ ಬಂದಿದ್ದ ಪೆದ್ದಪ್ಪ ಎಂಬ ಮಾವಿನತೋಪಿನ ಯಜಮಾನರ ಕೈಯಲ್ಲಿ ತಣ್ಣನೆಯ ನೀರಿನ ಬಾಟ್ಲಿಯಿತ್ತು, ಅದರ ಮೈಮೇಲೆ ಹನಿಗಟ್ಟಿತ್ತು.

“ಯಜಮಾನರೇ, ಒಂದು ಗುಟುಕು ನೀರು ಕೊಡಿ” ಎಂದ ಮುರಳಿ. ನಿಜವಾಗಿಯೂ ಕೇಳಿದ.

ಜನ ಉಸಿರು ಬಿಗಿಹಿಡಿದರು. ಪೆದ್ದಪ್ಪ ಬಾಟ್ಲಿಯನ್ನು ಎದೆಗವಚಿಕೊಂಡು ಅವನ ಹಣೆಯನ್ನು ನೆಟ್ಟ ನೋಟದಿಂದ ನೋಡಿದರು.

“ಇವ್ವನು ಸ್ವಾಮಿ! ಕೊಡೋದಿಲ್ಲ!”

ಬಯಲೆಲ್ಲ ಶಿಳ್ಳೆ. ಪೆದ್ದಪ್ಪ ಬಗ್ಗಿ ಮುರಳಿಯ ಕಾಲು ಮುಟ್ಟಿ, ಮಗುವಿನ ಹಾಗೆ ಮುಖವೆತ್ತಿದರು. “ಎಷ್ಟು ಮಾರ್ಕ್ಸ್ ಗುರುಗಳೇ?”

“ನೂರಕ್ಕೆ ನೂರು” ಎನ್ನಲು ಮುರಳಿ ಬಾಯಿ ತೆರೆದ. ಗಂಟಲೊಣಗಿ ಧ್ವನಿ ಹೊರಡಲಿಲ್ಲ; ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಬೇಕಾಯಿತು. ಅಷ್ಟರಲ್ಲಿ ಪರೀಕ್ಷೆಗೆ ಸಾಲುಗಟ್ಟಿದ್ದವರಲ್ಲಿ ಮುಂದಿನವರು ಕೈಯಲ್ಲಿ ಎಳನೀರು ಹಿಡಿದುಕೊಂಡು ಎದುರು ಬಂದು ನಿಂತರು.