ತುಕ್ರಪ್ಪಜ್ಜ ಯಾರ ಅಜ್ಜ?

ಬೆಳಿಗ್ಗೆ ಏಳಕ್ಕೆ ಧರ್ಣಪ್ಪ ಊರಿನ ವಾಟ್ಸಾಪ್ ಗುಂಪಿಗೆ ಒಂದು ಹಳೆಯ ಫೋಟೋ ಹಾಕಿದ. ಏಳೂವರೆಯೊಳಗೆ, ಫೋಟೋದಲ್ಲಿರುವುದು ಅವನ ಮುತ್ತಜ್ಜನೇ ಅಲ್ಲ ಎಂದು ಅರ್ಧ ಊರು ತೀರ್ಪು ಕೊಟ್ಟಾಗಿತ್ತು.

ಸಂಗತಿ ಇಷ್ಟೆ. ಪುತ್ತಿಗೆಯಿಂದಾಚೆ ಇರುವ ಕಲ್ಲಪದವಿಗೆ ಮೊದಲು ಬಂದು, ಕಾಡು ಕಡಿದು ಗದ್ದೆ ಮಾಡಿದ ಹಿರಿಯರ ಫೋಟೋಗಳನ್ನು ಅಂದು ಸಂಜೆ ಶಾಲೆಯಲ್ಲಿ ಪ್ರದರ್ಶನಕ್ಕೆ ಇಡುವುದಿತ್ತು. ಎಲ್ಲರಿಗಿಂತ ಮೊದಲು ಬಂದವನು ತುಕ್ರಪ್ಪ. ಅದರಲ್ಲಿ ಯಾರಿಗೂ ತಕರಾರಿಲ್ಲ. ಅವನ ಫೋಟೋ ನಡುವಿನಲ್ಲಿ, ಅದರ ಮುಂದೆ ಅವನ ಕುಟುಂಬದವರಿಂದ ದೀಪ ಎಂದು ಅಶೋಕ ಮಾಸ್ಟ್ರು ಸಾರಿದ್ದರು. ಧರ್ಣಪ್ಪ ತುಕ್ರಪ್ಪನ ಮಗನ ಮೊಮ್ಮಗ. ಐವತ್ತೆಂಟು ವರ್ಷದಲ್ಲಿ ಯಾರೂ ಅವನನ್ನು ವೇದಿಕೆಗೆ ಕರೆದದ್ದಿಲ್ಲ. ಕರೆದದ್ದಿದ್ದರೆ ಶಾಮಿಯಾನದ ಹಗ್ಗ ಹಿಡಿಯಲಿಕ್ಕೆ. ಹಾಗಾಗಿ ಈ ದೀಪ ಅವನಿಗೆ ಬೇಕೇ ಬೇಕಿತ್ತು. ಅಟ್ಟದಲ್ಲಿ ಫೋಟೋ ಸಿಕ್ಕಿದ ದಿನ ಅವನು ಅತ್ತೇಬಿಟ್ಟಿದ್ದ.

ಪಕ್ಕದ ಮನೆಯ ಸುಬ್ಬಯ್ಯ ಗುಂಪಿಗೆ ತನ್ನ ಮಾತು ರೆಕಾರ್ಡ್ ಮಾಡಿ ಹಾಕಿದ: “ಧರ್ಣಪ್ಪಣ್ಣ, ಅದು ತುಕ್ರಪ್ಪಜ್ಜ ಅಂತ ನಿಮಗೆ ಯಾರು ಹೇಳಿದ್ದು ಮಾರಾಯ್ರೆ? ಆ ಕೋಟು ನೋಡಿ, ಸ್ಟುಡಿಯೋದವರ ಕೋಟು ಅದು. ನನ್ನ ಅಜ್ಜನ ಮೈಮೇಲೂ ಅದೇ ಉಂಟು!”

ಹೇಳಿದ್ದು ಸುಳ್ಳಲ್ಲ. ಒಂಬತ್ತು ಗಂಟೆಯೊಳಗೆ ಗುಂಪಿನಲ್ಲಿ ಐದು ಜನ ಅಜ್ಜಂದಿರು ಬಂದು ಕೂತರು. ಎಲ್ಲರಿಗೂ ಅದೇ ಕೋಟು, ಅದೇ ಕುರ್ಚಿ, ಅದೇ ಮೀಸೆ, ಹಲ್ಲುನೋವು ಬಂದವರ ಹಾಗೆ ಅದೇ ಬಿಗಿದ ಮುಖ. ಮಾಸ್ಟ್ರು ಸೋತು, “ನಾಲ್ಕು ಗಂಟೆಯೊಳಗೆ ಸಾಕ್ಷಿ ತನ್ನಿ” ಎಂದು ಬರೆದರು.

“ತುಕ್ರಪ್ಪಜ್ಜನನ್ನು ಕಣ್ಣಾರೆ ಕಂಡವರು ಈಗ ಅಮ್ಮಣಿ ಅಜ್ಜಿ ಒಬ್ಬರೇ ಇರುವುದು. ಮಿಜಾರಿಗೆ ಹೋಗಿ ಬನ್ನಿ” ಎಂದಳು ಹೆಂಡತಿ ಕುಸುಮ.

ಧರ್ಣಪ್ಪ ಫೋಟೋವನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟ. ಸ್ಕೂಟರು ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಬಸ್ಸು ಹತ್ತಿ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಪಕ್ಕದ ಹೆಂಗಸಿನ ಕಣ್ಣು ತುಂಬಿತು.

“ಯಾವಾಗ ಹೋದದ್ದು?”

“ಎಂಬತ್ತು ವರ್ಷ ಆಯ್ತು.”

“ಅಯ್ಯೋ ಪಾಪ. ನಿಮಗೆ ಇನ್ನೂ ಮರೆಯಲಿಕ್ಕೆ ಆಗ್ಲಿಲ್ಲ!”

ತೊಂಬತ್ತು ದಾಟಿದ ಅಮ್ಮಣಿ ಅಜ್ಜಿ ಚಿಕ್ಕಂದಿನಲ್ಲಿ ತುಕ್ರಪ್ಪನ ನೆರೆಮನೆಯಲ್ಲಿ ಬೆಳೆದವರು. ಫೋಟೋವನ್ನು ಬೆಳಕಿಗೆ ಹಿಡಿದು, “ಮುಖ ಬಿಡು, ಎಲ್ಲ ಒಂದೇ. ಎಡಗೈ ನೋಡು” ಎಂದರು. ಮೊಣಕಾಲ ಮೇಲಿದ್ದ ಎಡಗೈಯಲ್ಲಿ ಮೂರೇ ಬೆರಳು! “ಕಾಡು ಕಡಿಯುವಾಗ ಎರಡು ಹೋಗಿತ್ತು. ನಾವು ಗಲಾಟೆ ಮಾಡಿದ್ರೆ ಆ ಕೈ ತೋರಿಸಿಯೇ ಹೆದರಿಸುತ್ತಿದ್ದದ್ದು. ಇವರೇ ಮಗಾ, ಇವರೇ!” ಅಜ್ಜಿ ಫೋಟೋವನ್ನು ಕಣ್ಣಿಗೆ ಒತ್ತಿಕೊಂಡರು. “ನಡಿ, ನಾನೇ ಬಂದು ಹೇಳ್ತೇನೆ.”

ಶಾಲೆಯಲ್ಲಿ ಅಜ್ಜಿ ಎಲ್ಲರೆದುರು ಆ ಕೈ ತೋರಿಸಿದರು. ಸುಬ್ಬಯ್ಯ ಬಗ್ಗಿ ಬೆರಳುಗಳನ್ನು ಎರಡೆರಡು ಸಲ ಎಣಿಸಿದ. ಧರ್ಣಪ್ಪನಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. ಮಾಸ್ಟ್ರು ಬೆಂಕಿಪೆಟ್ಟಿಗೆ ಕೊಟ್ಟರು. ಕಡ್ಡಿ ಗೀರಿಯೂ ಆಯಿತು.

“ಏಯ್, ನಿಲ್ಲು. ನೀನು ಯಾಕೆ ಹಚ್ಚುವುದು?” ಎಂದರು ಅಜ್ಜಿ.

“ನಾನು ಅವರ ಮಗನ ಮೊಮ್ಮಗ ಅಲ್ವಾ ಅಜ್ಜಿ?”

“ಅದಕ್ಕೇ ಹೇಳಿದ್ದು. ನಮ್ಮಲ್ಲಿ ಕುಟುಂಬ ಅಂದ್ರೆ ತಾಯಿ ಕಡೆ ಅಲ್ವಾ? ನಿನ್ನ ಕುಟುಂಬ ನಿನ್ನ ಅಮ್ಮನದ್ದು, ಆಚೆ ಮಾಣಿ ಊರಲ್ಲಿ. ತುಕ್ರಪ್ಪಜ್ಜನ ಕುಟುಂಬ ಅವರ ತಂಗಿಯ ಸಂತಾನ. ಆ ತಂಗಿಯ ಮಗಳ ಮಗಳೇ ಇವನ ಅಮ್ಮ.”

ಅಜ್ಜಿಯ ಬೆರಳು ನೆಟ್ಟಗೆ ಸುಬ್ಬಯ್ಯನ ಕಡೆಗಿತ್ತು.

ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಸುಬ್ಬಯ್ಯನಿಗೆ ಆ ಕಡೆಯ ಸಂಬಂಧ ಗೊತ್ತೇ ಇರಲಿಲ್ಲ. ಬೆಳಗಿನಿಂದ ಅವನು ಅಲ್ಲ ಅಲ್ಲ ಎಂದು ಹೊರಗೆ ಹಾಕುತ್ತಿದ್ದುದು ತನ್ನ ಕುಟುಂಬದ ಹಿರಿಯನನ್ನೇ. ಒಂದು ಕ್ಷಣ ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ ನೋಡಬೇಕಿತ್ತು ಅವನ ಗತ್ತು!

“ನಾನು ಬೆಳಿಗ್ಗೆಯೇ ಅಂದುಕೊಂಡೆ! ಆ ಮೂಗು ನೋಡಿ, ನನ್ನದೇ!”

ದೀಪ ಸುಬ್ಬಯ್ಯ ಹಚ್ಚಿದ. ಚಪ್ಪಾಳೆ ಅವನಿಗೆ ಬಿತ್ತು. ಕುಟುಂಬದ ಹಿರಿಯರು ಕುಟುಂಬದವರ ಮನೆಯಲ್ಲೇ ಇರಬೇಕು ಎಂದು ಫೋಟೋವೂ ಅವನ ಮನೆಗೇ ಹೋಯಿತು. ಹೊರಡುವಾಗ ಅವನು ಧರ್ಣಪ್ಪನ ಎರಡೂ ಕೈ ಹಿಡಿದು, “ಲೆಕ್ಕದಲ್ಲಿ ನಾವು ಭಾವಂದಿರು ಮಾರಾಯ್ರೆ! ಇನ್ನು ದಿನಾ ಚಾಕ್ಕೆ ಬರ್ತೇನೆ ಭಾವ” ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನೋಡಿ ಧರ್ಣಪ್ಪನಿಗೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ಸುದ್ದಿ ಆಗಲೇ ಗುಂಪಿನಲ್ಲಿ ಬಂದಿತ್ತು. ಮನೆಯಲ್ಲಿ ಕುಸುಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. “ಅಜ್ಜನನ್ನು ಗೆದ್ದು ತರ್ತೇನೆ ಅಂತ ಹೋದವರು ಸುಬ್ಬಯ್ಯನನ್ನು ಭಾವ ಮಾಡಿಕೊಂಡು ಬಂದ್ರಲ್ಲ!”

ಧರ್ಣಪ್ಪನಿಗೆ ನಗು ತಡೆಯಲಿಕ್ಕೆ ಆಗಲಿಲ್ಲ. ನಕ್ಕು ನಕ್ಕು ಸುಸ್ತಾದ ಮೇಲೆ ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದ.

“ಅಲ್ಲ ಕುಸುಮ, ಅಮ್ಮನ ಕುಟುಂಬದ ಮನೆಗೂ ಒಂದು ಅಟ್ಟ ಇರಬೇಕಲ್ಲ? ಮಾಣಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ?”